ಹನ್ನೊಂದು ದಿನಕ್ಕೊಂದು ಬಾವಿ

ನಮ್ಮೂರಲ್ಲಿ ಬಾವಿಹಗ್ಗ ಹೊಸೆಯುವವರು ನಾರು ಕೊಳ್ಳುವುದಕ್ಕೆ ಮುಂಚೆ ನನ್ನ ಹತ್ತಿರ ಬರುತ್ತಾರೆ. ಬೇಸಿಗೆಯಲ್ಲಿ ಯಾವ ಬಾವಿಯಲ್ಲಿ ಎಷ್ಟು ಮಾರು ನೀರು ನಿಲ್ಲುತ್ತದೆ ಎಂದು ಕೇಳಿಕೊಂಡು ಹೋಗಿ ಅದಕ್ಕೆ ಸರಿಯಾಗಿ ಹಗ್ಗ ಕತ್ತರಿಸುತ್ತಾರೆ. ಹಾಗೆಂದು ನಾನು ಬಾವಿಗೆ ಇಣುಕಿ ನೋಡುವವಳಲ್ಲ. ನೀರಿನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸೂತ್ರ ಓಡಿಸುವವಳು. ವರ್ಷ ಹುಟ್ಟುವುದಕ್ಕೆ ಒಂದು ವಾರ ಇರುವಾಗ ಗುಂಡಿ ಒತ್ತುತ್ತೇನೆ. ಮೂವತ್ತೆರಡು ಬಾವಿ, ಮುನ್ನೂರ ಅರವತ್ತೈದು ದಿನ. ಹನ್ನೊಂದು ಸಾವಿರದ ಆರುನೂರ ಎಂಬತ್ತು ಅಂಕಿಗಳು ಪರದೆಯ ಮೇಲೆ ಇರುವೆಸಾಲಿನ ಹಾಗೆ ಇಳಿದು ಬರುತ್ತವೆ. ಅದನ್ನು ಅಚ್ಚು ಹಾಕಿಸಿ ಪ್ರತಿ ಬೀದಿಯ ಮೂಲೆಯಲ್ಲೂ ಅಂಟಿಸುತ್ತೇವೆ. ಬೆಳಿಗ್ಗೆ ಏಳು ಗಂಟೆಗೆ ಆ ದಿನದ ಅಂಕಿ ಏನಿದೆಯೋ ಬಾವಿಯಲ್ಲಿ ಅಷ್ಟೇ ನೀರು. ಮಳೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಮದುವೆ ಮನೆಯವರು ನೀರು ಏರಿರುವ ವಾರ ನೋಡಿ ದಿನ ಇಟ್ಟುಕೊಳ್ಳುತ್ತಾರೆ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು ಅವನದು ಎಷ್ಟನೇ ಬೀದಿ ಎಂದು ಕೇಳುತ್ತಾರೆ. ಬೀದಿಗೊಂದೇ ಬಾವಿ, ಬಾವಿಯ ಸಂಖ್ಯೆಯೇ ಬೀದಿಯ ಸಂಖ್ಯೆ.

ಸೂತ್ರ ಕಟ್ಟಿದವರು ಶೇಷಗಿರಿ ಮೇಷ್ಟ್ರು. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು, ಆಮೇಲೆ ಈ ಕೆಲಸಕ್ಕೂ ಹಚ್ಚಿದವರು. ಅವರ ಸೂತ್ರಕ್ಕೆ ಎರಡೇ ಸಂಗತಿ ಗೊತ್ತು: ಇದು ಎಷ್ಟನೇ ಬಾವಿ, ಇವತ್ತು ವರ್ಷದ ಎಷ್ಟನೇ ದಿನ. ಯಾವ ವರ್ಷ ಅಂತ ಗೊತ್ತಿಲ್ಲ, ಹಾಗಾಗಿ ಪ್ರತಿ ವರ್ಷ ಅದೇ ಅಂಕಿಗಳು; ಆದರೂ ಹೊಸದಾಗಿ ಗುಂಡಿ ಒತ್ತುವುದು, ಬಂದು ಕೇಳಿಕೊಂಡು ಹೋಗುವುದು ಊರಿನ ರೂಢಿ. ಯಾವ ಬೀದಿಯಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲ. ‘ಹೀಗಿದ್ದರೆ ಹಾಗೆ’ ಅನ್ನುವ ಮಾತು ಸೂತ್ರದೊಳಗೆ ಬರಕೂಡದು ಎಂದು ಊರವರೇ ಕಟ್ಟು ಮಾಡಿದ್ದರು. ಕೂಡು, ಕಳೆ, ಗುಣಿಸು, ಭಾಗಿಸು, ಅಲೆಯ ಹಾಗೆ ಏರಿಳಿಸು, ಅಷ್ಟೇ. ಮೊದಲ ವರ್ಷ ಅಂಕಿಗಳು ಬಹಳ ನಯವಾಗಿ ಬಂದುವಂತೆ. ನೀರು ಸತ್ತ ಹಾಗೆ ಕಾಣುತ್ತದೆ, ಕೊಡ ಇಳಿಸುವುದಕ್ಕೆ ಮನಸ್ಸೇ ಬರುವುದಿಲ್ಲ ಅಂತ ಹೆಂಗಸರು ದೂರಿದರಂತೆ. ಮೇಷ್ಟ್ರು ದಿನದ ಸಂಖ್ಯೆಯನ್ನು ಹದಿಮೂರರಿಂದ ಗುಣಿಸಿ ಏಳರಿಂದ ಭಾಗಿಸಿ ಉಳಿದದ್ದನ್ನು ಬೆರಳಗಲದ ಲೆಕ್ಕದಲ್ಲಿ ಕೂಡಿಸಿದರು. ಆಮೇಲೆ ನೀರು ದಿನಕ್ಕೊಂದಿಷ್ಟು ಹೆಚ್ಚುಕಮ್ಮಿಯಾಗಿ, ಜೀವ ಇದ್ದ ಹಾಗೆ ಆಯಿತು.

ಪರದೆಯಲ್ಲಿ ಸೂತ್ರ ಬರೆಯಲು ಒಂದು ಜಾಗವಿದೆ, ಅಂಕಿ ಬರೆಯಲು ಜಾಗವಿಲ್ಲ. ಬೇಕೆಂದೇ ಇಟ್ಟಿಲ್ಲ. ಅದಕ್ಕೆ ಕಾರಣ ನಮ್ಮಪ್ಪ ವೆಂಕೋಬಯ್ಯ.

ಅಪ್ಪನ ಕಾಲದಲ್ಲಿ ಅಂಕಿಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಪುಸ್ತಕ ತೆರೆದು ಮೂವತ್ತೆರಡು ಅಂಕಿ ಬರೆಯುವುದು, ಪಕ್ಕದಲ್ಲಿ ಬರೆದ ಹೊತ್ತು ಹಾಕುವುದು. ಬರೆದ ಕ್ಷಣವೇ ಬಾವಿಯಲ್ಲಿ ಅಷ್ಟು ನೀರು. ಬಾವಿ ತೊಳೆಯಬೇಕಾದಾಗ ಸೊನ್ನೆ ಬರೆಯುತ್ತಿದ್ದರು. ಆ ದಿನ ಏಳರಿಂದ ಮರುದಿನ ಏಳರವರೆಗೆ ಬಾವಿ ಒಣಗಿರುತ್ತಿತ್ತು, ಹೂಳು ತೆಗೆಯುವವರು ಇಳಿದು ತೆಗೆಯುತ್ತಿದ್ದರು. ಹದಿನೇಳನೇ ಬಾವಿಯಲ್ಲಿ ಇಳಿದವನು ದುರ್ಗಪ್ಪ. ಆ ಬಾವಿಯ ತಳದಲ್ಲಿ ಬಡಗು ಗೋಡೆಗೆ ಒಂದು ಪೊಟರೆ ಇತ್ತು, ಹೂಳೆಲ್ಲ ಅಲ್ಲಿ ಕೂರುತ್ತಿತ್ತು. ಮೊದಲ ದಿನ ಮುಗಿಯಲಿಲ್ಲ ಅಂತ ದುರ್ಗಪ್ಪ ಮರುದಿನ ಬೆಳಕು ಹರಿಯುವಾಗಲೇ ಮತ್ತೆ ಇಳಿದ. ಏಳರೊಳಗೆ ಮೇಲೆ ಬರುತ್ತೇನೆ ಅಂತ ಹೆಂಡತಿಗೆ ಹೇಳಿ ಹೋದವನು ಬರಲಿಲ್ಲ. ನೀರು ಬಂದುಬಿಟ್ಟಿತು. ಈಜುವವರು ಮೂರು ದಿನ ಮುಳುಗಿ ಮುಳುಗಿ ಹುಡುಕಿದರು. ಪೊಟರೆಯ ಬಾಯಿ ಕಿರಿದು, ನೀರು ಕಪ್ಪು, ಉಸಿರು ಹಿಡಿದು ಅಷ್ಟು ಕೆಳಗೆ ಇರುವುದಕ್ಕೆ ಆಗಲಿಲ್ಲ. ದುರ್ಗಪ್ಪ ಹಬ್ಬಕ್ಕೆ ಹುಣ್ಣಿಮೆಗೆ ಒಂದಿಷ್ಟು ಕುಡಿಯುತ್ತಿದ್ದವನು. ಕುಡಿದು ಇಳಿದಿದ್ದಾನೆ, ತಂಪಿಗೆ ನಿದ್ದೆ ಹತ್ತಿದೆ, ಹೊತ್ತು ಮೀರಿದೆ ಎಂದು ಊರು ತೀರ್ಮಾನ ಮಾಡಿತು.

ಅಪ್ಪ ಆ ಬೆಳಿಗ್ಗೆ ಅಂಕಿ ಬರೆದವರು ಚಿಕ್ಕಮ್ಮನ ಮದುವೆಗೆಂದು ಹೊರಟಿದ್ದರು. ಮೂರು ದಿನದ ಮೇಲೆ ವಾಪಸು ಬಂದು ಸುದ್ದಿ ಕೇಳಿ ಹಾಸಿಗೆ ಹಿಡಿದರು. ಮತ್ತೆ ಪೆನ್ನು ಮುಟ್ಟಲಿಲ್ಲ. ಬೇರೆ ಯಾರಿಗೂ ಮುಟ್ಟುವ ಧೈರ್ಯ ಬರಲಿಲ್ಲ. ಬರೆಯದಿದ್ದರೆ ಹಿಂದಿನ ಅಂಕಿಯೇ ನಿಲ್ಲುತ್ತದೆ. ಹೀಗೆ ನಾಲ್ಕು ತಿಂಗಳು ಊರಿನ ನೀರು ಒಂದೇ ಮಟ್ಟದಲ್ಲಿ ನಿಂತಿತ್ತು. ಎದ್ದು ಓಡಾಡುವಂತಾದ ಮೇಲೆ ಅಪ್ಪ ನೇರ ಮೇಷ್ಟ್ರ ಮನೆಗೆ ಹೋಗಿ, “ಇನ್ನು ಮನುಷ್ಯರ ಕೈ ಇದರಲ್ಲಿ ಬೇಡ. ಯಾವ ಕೈಯೂ ಬೇಡ. ಏನಾದರೂ ಮಾಡಿ,” ಅಂದರಂತೆ. ಸೂತ್ರ ಬಂತು, ಕಂಪ್ಯೂಟರ್ ಬಂತು. ಯಾವ ದಿನಕ್ಕೂ ಯಾವ ಬಾವಿಗೂ ಸೊನ್ನೆ ಬಾರದ ಹಾಗೆ ಸೂತ್ರ ಕಟ್ಟಿಸಿದರು. ಅಪ್ಪ ತೀರಿಕೊಂಡಾಗ ಮೂವತ್ತೆರಡು ಬೀದಿಯವರೂ ಒಂದೊಂದು ಕೊಡ ನೀರು ತಂದು ಸುರಿದರು. ಕಚೇರಿಯ ಗೋಡೆಯಲ್ಲಿ ಅವರ ಪಟ ಇದೆ.

ಚೆನ್ನಾಜಮ್ಮ ದುರ್ಗಪ್ಪನ ಹೆಂಡತಿ. ಅವನು ಹೋದ ಮೇಲೆ ಹಗ್ಗ ಹೊಸೆದು ಬದುಕಿದವಳು. ಊರಿನ ಅರ್ಧ ಬಾವಿಗೆ ಅವಳದೇ ಹಗ್ಗ. ವರ್ಷಾ ವರ್ಷಾ ಬಂದು ನನ್ನ ಮೇಜಿನ ಪಕ್ಕ ನಿಂತು ಬಾವಿಬಾವಿಯ ಅಂಕಿ ಕೇಳಿ, ಒಂದನ್ನೂ ಬರೆದುಕೊಳ್ಳದೆ ನೆನಪಿಟ್ಟುಕೊಂಡು ಹೋಗುತ್ತಿದ್ದಳು. ಹೋದ ವರ್ಷ ಬಂದಾಗ ಎಲ್ಲ ಕೇಳಿಯಾದ ಮೇಲೂ ನಿಂತೇ ಇದ್ದಳು.

“ಕಾತ್ಯಾಯಿನವ್ವ, ಹದಿನೇಳಕ್ಕೆ ತಳ ಮುಟ್ಟೋ ಹಗ್ಗ ಬೇಕು ಅಂದ್ರೆ ಎಷ್ಟು ಮಾರು ಹೊಸೀಬೇಕು?”

“ತಳ ಯಾವತ್ತೂ ಕಾಣೋಲ್ಲ ಚೆನ್ನಾಜಮ್ಮ. ಕಡುಬೇಸಿಗೇಲೂ ಎಂಟು ಮಾರು ನಿಂತಿರುತ್ತೆ.”

“ಅದು ಗೊತ್ತು. ಕಾಣೋ ಹಂಗೆ ಮಾಡೋಕಾಗುತ್ತಾ ಅಂತ ಕೇಳ್ದೆ.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುತ್ತಿರಲಿಲ್ಲ, ಕಣ್ಣಲ್ಲಿ ಪೊರೆ ಬರುತ್ತಿತ್ತು. “ಡಾಕ್ಟ್ರು ಇನ್ನೊಂದು ವರ್ಷ ಅಂದವ್ರೆ. ಹಗ್ಗ ಹೊಸೆಯೋಕೆ ಕಣ್ಣು ಬೇಡ, ಕೈ ಸಾಕು. ಅವ್ರನ್ನ ನೋಡೋಕೆ ಬೇಕಲ್ಲ. ಒಂದು ದಿನ ಸಾಕು ಕಣವ್ವ. ಮೂಳೆ ಎತ್ತಿ ಮಣ್ಣು ಮಾಡ್ತೀನಿ. ಆವತ್ತು ಕೇಳೋಕೆ ನಂಗೆ ಬಾಯಿರಲಿಲ್ಲ. ಕುಡುಕನ ಹೆಂಡ್ತಿ ಏನು ಕೇಳ್ತಾಳೆ?”

ಹದಿನೇಳನೇ ಬೀದಿಯವರು ಇಪ್ಪತ್ತೆರಡು ವರ್ಷದಿಂದ ಆ ನೀರು ಕುಡಿದಿರಲಿಲ್ಲ. ಬಟ್ಟೆ ಒಗೆಯುವುದಕ್ಕೆ, ದನ ತೊಳೆಯುವುದಕ್ಕೆ ಮಾತ್ರ. ಕುಡಿಯುವ ನೀರಿಗೆ ಹದಿನಾರಕ್ಕೆ ನಡೆಯುತ್ತಿದ್ದರು. ಚೆನ್ನಾಜಮ್ಮ ಮಾತ್ರ ಹದಿನಾರಕ್ಕೆ ಹೋಗದೆ ಹದಿನೇಳರ ನೀರನ್ನೇ ಕುಡಿಯುತ್ತಿದ್ದಳು ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ಅವಳ ಬಾಯಿಂದ ಕೇಳಿಲ್ಲ.

ಅವಳು ಹೋದ ಮೇಲೆ ಬೀರು ತೆಗೆದು ಅಪ್ಪನ ಹಳೇ ಪುಸ್ತಕ ಹೊರಗಿಟ್ಟೆ. ಅದರಲ್ಲಿ ಏನಿದೆ ಎಂದು ನನಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೈಯಲ್ಲಿ ಬರೆದ ಅಂಕಿಗೂ ಸೂತ್ರದ ಅಂಕಿಗೂ ಎಷ್ಟು ಫರಕು ಇದೆ ನೋಡೋಣ ಎಂದು ಪುಟ ತಿರುಗಿಸುತ್ತಿದ್ದೆ. ಪ್ರತಿ ಪುಟದ ಅಂಚಿನಲ್ಲೂ ಅಪ್ಪನ ಗುಂಡು ಅಕ್ಷರದಲ್ಲಿ ‘ಏಳು’, ‘ಏಳು’, ‘ಏಳು’. ದುರ್ಗಪ್ಪ ಹೋದ ದಿನದ ಪುಟದಲ್ಲಿ ಮಾತ್ರ ‘ಆರೂ ಮುಕ್ಕಾಲು’. ಕಾಲು ಗಂಟೆ ಮುಂಚೆ. ಬರೆದ ಹೊತ್ತು ಬರೆಯುವುದು ಅವರಿಗೆ ಉಸಿರಾಡಿದ ಹಾಗೆ, ಅದನ್ನು ಸುಳ್ಳು ಮಾಡುವುದಕ್ಕೆ ಕೈ ಬಂದಿರಲಿಕ್ಕಿಲ್ಲ. ಬಾಯಲ್ಲಿ ಹೇಳುವುದಕ್ಕೂ ಬರಲಿಲ್ಲ. ಆ ಪುಸ್ತಕವನ್ನು ಯಾರೂ ತೆರೆಯಲಿಲ್ಲ. ತೆರೆದವಳು ನಾನೊಬ್ಬಳೇ, ನಾನೂ ಮುಚ್ಚಿಟ್ಟೆ. ಪ್ರತಿ ವರ್ಷ ಚೆನ್ನಾಜಮ್ಮನಿಗೆ ಅಂಕಿ ಓದಿ ಹೇಳುವಾಗ ಅದು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇರುತ್ತಿತ್ತು.

ಮೇಷ್ಟ್ರಿಗೆ ಆಗ ಎಪ್ಪತ್ತೆಂಟು. ಕಚೇರಿಯ ಹಿಂದಿನ ಓಣಿಯಲ್ಲೇ ಮನೆ. ಸಂಜೆ ಹೋಗಿ ಹದಿನೇಳನೇ ಬಾವಿಗೆ ಒಂದು ದಿನ ಸೊನ್ನೆ ಬೇಕು ಅಂದೆ.

“ಒಂದು ದಿನ ಅಂತ ಯಾರಿಗೆ ಹೇಳ್ತೀಯ? ಸೂತ್ರಕ್ಕಾ?” ಅಂದರು. “ಅದಕ್ಕೆ ವರ್ಷ ಗೊತ್ತಿಲ್ಲ ಕಣಮ್ಮ. ಈ ವರ್ಷ ಆ ದಿನ ಒಣಗಿಸಿದರೆ ಬರೋ ವರ್ಷವೂ ಅದೇ ದಿನ ಒಣಗಿಸುತ್ತೆ, ಅದರ ಮುಂದಿನ ವರ್ಷವೂ. ಒಂದೇ ಸಲ ಅನ್ನೋ ಮಾತು ಅದರ ನಿಘಂಟಲ್ಲೇ ಇಲ್ಲ.”

“ಒಣಗಲಿ ಬಿಡಿ. ವರ್ಷಕ್ಕೊಂದು ದಿನ ತಾನೆ.”

“ಹದಿನೇಳು ಅಂತ ಹೆಸರು ಹಿಡಿದು ಬರೆಯೋ ಹಾಗೂ ಇಲ್ಲ. ಒಬ್ಬರಿಗೆ ಮಾಡಿದ್ದು ಎಲ್ಲರಿಗೂ ಆಗಬೇಕು. ಮೂವತ್ತೆರಡು ಬಾವಿಗೂ ವರ್ಷಕ್ಕೊಂದು ದಿನ ಸೊನ್ನೆ. ಒಪ್ಪುತ್ತಾರಾ ಊರವರು?”

ಹಾಗಂದವರೇ ಸ್ಲೇಟು ಎಳೆದುಕೊಂಡರು. ಅವರಿಗೆ ಕಾಗದಕ್ಕಿಂತ ಸ್ಲೇಟೇ ಇಷ್ಟ. ಬಾವಿಯ ಸಂಖ್ಯೆಯನ್ನು ಹನ್ನೊಂದರಿಂದ ಗುಣಿಸು, ಅಂದರು. ಮೊದಲನೇ ಬಾವಿಗೆ ಹನ್ನೊಂದು, ಎರಡನೆಯದಕ್ಕೆ ಇಪ್ಪತ್ತೆರಡು, ಮೂವತ್ತೆರಡನೆಯದಕ್ಕೆ ಮುನ್ನೂರ ಐವತ್ತೆರಡು. ಎಲ್ಲವೂ ವರ್ಷದೊಳಗೇ ಮುಗಿಯಿತು. ಈಗ ದಿನದ ಸಂಖ್ಯೆಯಿಂದ ಅದನ್ನು ಕಳೆ. ಬಂದದ್ದನ್ನು ಅದರಿಂದಲೇ ಗುಣಿಸು. ಆ ಗುಣಲಬ್ಧವನ್ನು, ಅದಕ್ಕೇ ಒಂದು ಎಳ್ಳಿನಷ್ಟು ಕೂಡಿಸಿ, ಆ ಮೊತ್ತದಿಂದ ಭಾಗಿಸು. ಕಳೆದು ಸೊನ್ನೆ ಬಂದ ದಿನ ಉತ್ತರ ಸೊನ್ನೆ. ಮಿಕ್ಕ ದಿನವೆಲ್ಲ ಹೆಚ್ಚುಕಮ್ಮಿ ಒಂದು. ಅದರಿಂದ ನಮ್ಮ ಹಳೇ ಅಂಕಿಯನ್ನು ಗುಣಿಸಿದರೆ ಆಯಿತು. ಮಿಕ್ಕ ದಿನ ನೀರು ಇದ್ದ ಹಾಗೇ ಇರುತ್ತದೆ, ಆ ಒಂದು ದಿನ ಇಲ್ಲ.

“ಆ ಎಳ್ಳು ಯಾಕೆ ಮೇಷ್ಟ್ರೇ?”

“ಅದಿಲ್ಲದಿದ್ದರೆ ಆ ದಿನ ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಬೇಕಾಗುತ್ತೆ. ಯಂತ್ರ ಕೂತುಬಿಡುತ್ತೆ. ಎಳ್ಳು ಇಟ್ಟರೆ ಹಿಂದಿನ ದಿನ, ಮುಂದಿನ ದಿನ ನೀರು ಒಂದು ಕೂದಲೆಳೆ ಕಡಿಮೆ ಇರುತ್ತೆ. ಇರಲಿ. ಸಾವಿನ ಮನೆಗೆ ಅಕ್ಕಪಕ್ಕದ ಮನೆಯೂ ಸ್ವಲ್ಪ ಸಪ್ಪಗಿರುತ್ತಲ್ಲ.”

ಹದಿನೇಳನ್ನು ಹನ್ನೊಂದರಿಂದ ಗುಣಿಸಿದರೆ ನೂರ ಎಂಬತ್ತೇಳು. ವರ್ಷದ ನೂರ ಎಂಬತ್ತೇಳನೇ ದಿನ.

ಸೂತ್ರದಲ್ಲಿ ಒಂದು ಚುಕ್ಕೆ ಬದಲಾಯಿಸಬೇಕಾದರೂ ಮೂವತ್ತೆರಡು ಬೀದಿಯ ಹಿರಿಯರು ಕೂತು, ಅಷ್ಟೂ ಜನ ಕೈಯೆತ್ತಬೇಕು. ವರ್ಷ ಹುಟ್ಟುವುದಕ್ಕೆ ಹತ್ತು ದಿನ ಇರುವಾಗ ಕಚೇರಿಯ ಅಂಗಳದಲ್ಲಿ ಕೂತರು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ಹೂಳು ತೆಗೆದು ಇಪ್ಪತ್ತೆರಡು ವರ್ಷವಾಗಿದೆ, ಬಟ್ಟೆ ಕಟ್ಟಿ ಸೋಸಿದರೂ ಕೊಡದ ತಳದಲ್ಲಿ ಕೆಸರು ನಿಲ್ಲುತ್ತದೆ, ಈ ನೆಪದಲ್ಲಿ ಎಲ್ಲ ಬಾವಿಯೂ ಚೊಕ್ಕಟವಾಗುತ್ತದೆ ಅಂದರು. ಕಾರಣ ಮಾತ್ರ ಮುಚ್ಚಿಡಲಿಲ್ಲ. ಚೆನ್ನಾಜಮ್ಮನ ಹೆಸರು ಹೇಳಿಯೇ ಹೇಳಿದರು. ಅವಳು ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಕೂತಿದ್ದಳು. ಒಬ್ಬೊಬ್ಬರೇ ಕೈಯೆತ್ತಿದರು. ಕೆಲವರು ಕೆಸರಿಗಾಗಿ, ಕೆಲವರು ಅವಳಿಗಾಗಿ, ಕೆಲವರು ಪಕ್ಕದವನು ಎತ್ತಿದ ಅಂತ. ಮೂವತ್ತೊಂದು ಕೈ ಮೇಲೆದ್ದುವು. ಒಂಬತ್ತನೇ ಬೀದಿಯ ಲಿಂಗಪ್ಪಣ್ಣ ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

“ನನಗೂ ಕನಿಕರ ಇದೆ,” ಅಂದರು ಲಿಂಗಪ್ಪಣ್ಣ. ಕೆಟ್ಟವರಲ್ಲ, ಮಾತು ಒರಟು. “ನಮ್ಮ ಬೀದೀಲಿ ಹತ್ತು ಬಾಣಂತಿಯರಿದ್ದಾರೆ, ಕಾಯಿಲೆಯವರಿದ್ದಾರೆ. ವರ್ಷಾ ವರ್ಷಾ ಒಂದು ದಿನ ಎಲ್ಲಿಂದ ಹೊರಲಿ ನೀರು? ಹತ್ತನೇ ಬೀದಿಯವರ ಹತ್ತಿರ ನಾವು ಮಾತಾಡಿ ಹದಿನಾಲ್ಕು ವರ್ಷ ಆಯ್ತು. ಅದೂ ಹೋಗಲಿ, ಯಾರಿಗೋಸ್ಕರ? ಕುಡಿದು ಇಳಿದು ಹೊತ್ತು ಗೊತ್ತಾಗದೆ ಮಲಗಿದವನಿಗೋಸ್ಕರ ಮೂವತ್ತೆರಡು ಬೀದಿ ಒಣಗಬೇಕಾ? ತಪ್ಪು ಅವನದು. ಬಾವೀದಲ್ಲ, ಊರಿಂದಲ್ಲ.”

ಎತ್ತಿದ ಕೈಗಳಲ್ಲಿ ನಾಲ್ಕೈದು ಮೆಲ್ಲಗೆ ಇಳಿಯುವುದನ್ನು ನಾನು ನೋಡಿದೆ. ಚೆನ್ನಾಜಮ್ಮ ತಲೆ ತಗ್ಗಿಸಲಿಲ್ಲ. ಈ ಮಾತನ್ನು ಕೇಳಿ ಕೇಳಿ ಅವಳಿಗೆ ಅದು ಗಂಡನ ಹೆಸರಿನ ಜೊತೆಗೇ ಬರುವ ಅಡ್ಡಹೆಸರಿನ ಹಾಗೆ ಆಗಿಹೋಗಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಅದನ್ನು ನೋಡಿ ನನಗೆ ಕೂತಿರಲಾಗಲಿಲ್ಲ. ಒಳಗೆ ಹೋಗಿ ಬೀರು ತೆಗೆದೆ. ಪುಸ್ತಕ ಹಿಡಿದು ಹೊರಬರುವಾಗ ಅಪ್ಪನ ಪಟದ ಕೆಳಗೇ ಹಾದುಬರಬೇಕಿತ್ತು; ಮೇಲೆ ನೋಡದೆ ಬಂದೆ.

“ಲಿಂಗಪ್ಪಣ್ಣ, ಇದನ್ನು ಓದಿ,” ಅಂದೆ.

ಅವರು ಕನ್ನಡಕ ಹಾಕಿಕೊಂಡು ಪುಟ ಹತ್ತಿರ ಹಿಡಿದರು. ತಾರೀಕು ಓದಿದರು. ಹದಿನೇಳನೇ ಬಾವಿ, ಒಂಬತ್ತು ಮಾರು, ಎಂದು ಓದಿದರು. ಅಂಚಿಗೆ ಬಂದು ನಿಂತರು. “ಆರೂ ಮುಕ್ಕಾಲು,” ಅಂದರು. ಮತ್ತೊಮ್ಮೆ, ಸಣ್ಣ ದನಿಯಲ್ಲಿ, “ಆರೂ ಮುಕ್ಕಾಲು. ಇದು ವೆಂಕೋಬಯ್ಯನೋರ ಅಕ್ಷರವೇನಮ್ಮ?”

“ಹೌದು. ನಮ್ಮಪ್ಪನದೇ. ಆ ದಿನ ಮದುವೆಗೆ ಹೊರಡುವ ಅವಸರದಲ್ಲಿ ಕಾಲು ಗಂಟೆ ಮುಂಚೆ ಬರೆದಿದ್ದಾರೆ. ದುರ್ಗಪ್ಪನಿಗೆ ಇನ್ನೂ ಕಾಲು ಗಂಟೆ ಹೊತ್ತಿತ್ತು. ನನಗೆ ಒಂಬತ್ತು ವರ್ಷದಿಂದ ಗೊತ್ತು. ಹೇಳಲಿಲ್ಲ.”

ಚೆನ್ನಾಜಮ್ಮ ಎದ್ದು ಬಂದಳು. ಪುಟದ ಮೇಲೆ ಬಗ್ಗಿ ನೋಡಿದಳು, ಕಣ್ಣಿಗೆ ಹತ್ತಲಿಲ್ಲ. “ಎಲ್ಲಿ?” ಅಂದಳು. ನಾನು ಅವಳ ತೋರುಬೆರಳು ಹಿಡಿದು ಆ ಅಕ್ಷರದ ಮೇಲಿಟ್ಟೆ. ನಾರು ಉಜ್ಜಿ ಉಜ್ಜಿ ಬೆರಳ ತುದಿ ಕೊರಡಿನ ಹಾಗಾಗಿತ್ತು. ಅವಳು ಅದನ್ನು ಅಲ್ಲೇ ಆಡಿಸಿದಳು.

“ಹಂಗಾದ್ರೆ ಅವ್ರು ಹೊತ್ತು ಮೀರಿರಲಿಲ್ಲ,” ಅಂದಳು. ಯಾರನ್ನೂ ಉದ್ದೇಶಿಸಿ ಹೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಇನ್ನೊಂದು ಸಲ ಹಾಗೇ ಅಂದಳು. ಲಿಂಗಪ್ಪಣ್ಣ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಕೈಯೆತ್ತಿದರು. ಇಳಿದಿದ್ದ ಕೈಗಳೂ ಮೇಲೆದ್ದುವು.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಅಮ್ಮ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದಳು. “ಸತ್ತವರ ಎದೆ ಮೇಲೆ ಕಲ್ಲು ಹೊರಿಸಿ ಬಂದೆಯಾ?” ಅಂದಳು. ನಾನು ಏನೋ ಸಮಜಾಯಿಷಿ ಹೇಳಹೊರಟೆ. ಅವಳು ಕೈಯೆತ್ತಿ ತಡೆದಳು. “ಅವರು ಅವಸರದ ಮನುಷ್ಯರೇ ಅಲ್ಲ. ನಿನಗೆ ಗೊತ್ತಿಲ್ಲವಾ? ಊಟಕ್ಕೆ ಕೂತರೆ ಗಂಟೆ. ನನ್ನ ತಂಗಿ ಮದುವೆ. ಗಾಡಿ ಬಂದು ನಿಂತಿತ್ತು. ಏನಾಗುತ್ತೆ, ಇವತ್ತೊಂದು ದಿನ ಬೇಗ ಬರೆದು ಬನ್ನಿ ಅಂತ ಬಾಗಿಲಲ್ಲಿ ನಿಂತು ಕೂಗಿದವಳು ನಾನು. ಮೂರು ಸಲ ಕೂಗಿದೆ.” ಆಮೇಲೆ ಎದ್ದು ಒಳಗೆ ಹೋದಳು. ಆ ದಿನದಿಂದ ಅಮ್ಮ ಬೀದಿಗೆ ಇಳಿಯಲಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತು. ಉಪ್ಪು ಮುಗಿದಿದೆ, ಬಾಗಿಲು ಹಾಕಿಕೊ.

ಹೊಸ ವರ್ಷ ಹುಟ್ಟಿತು. ಹನ್ನೊಂದನೇ ದಿನ ಮೊದಲನೇ ಬೀದಿಯ ಬಾವಿ ಒಣಗಿತು. ಆ ಬೀದಿಯವರು ಮೊದಲು ಗಾಬರಿಯಿಂದ ಇಣುಕಿ ನೋಡಿದರು, ಆಮೇಲೆ ಕೊಡ ಎತ್ತಿಕೊಂಡು ಎರಡನೇ ಬೀದಿಗೆ ಹೋದರು. ಹನ್ನೊಂದು ದಿನದ ಮೇಲೆ ಎರಡನೇ ಬೀದಿಯವರು ಮೊದಲನೆಯದಕ್ಕೂ ಮೂರನೆಯದಕ್ಕೂ ಹೋದರು. ಹೀಗೆ ಸುತ್ತು ಹತ್ತಿತು. ಬಾವಿ ಒಣಗಿದ ದಿನ ಆ ಬೀದಿಯಲ್ಲಿ ಒಲೆ ಹಚ್ಚಬೇಕಿಲ್ಲ, ಪಕ್ಕದವರು ಊಟವನ್ನೂ ಕೊಡುವುದು ಎಂದು ಯಾರೂ ಹೇಳದಿದ್ದರೂ ಏಳೆಂಟು ಬೀದಿ ದಾಟುವಷ್ಟರಲ್ಲಿ ರೂಢಿಯಾಗಿಬಿಟ್ಟಿತ್ತು. ತೊಂಬತ್ತೊಂಬತ್ತನೇ ದಿನ ಒಂಬತ್ತನೇ ಬೀದಿಯ ಸರದಿ. ಲಿಂಗಪ್ಪಣ್ಣ ತಮ್ಮ ಬೀದಿಯವರನ್ನೆಲ್ಲ ಎಂಟನೇ ಬೀದಿಗೆ ಕಳಿಸಿ ತಾವು ಜಗಲಿಯ ಮೇಲೆ ಕೂತಿದ್ದರಂತೆ. ಮಧ್ಯಾಹ್ನ ಹತ್ತನೇ ಬೀದಿಯ ಹೆಂಗಸರು ತಾವಾಗಿ ನಾಲ್ಕು ಕೊಡ ತಂದು ಅವರ ಮುಂದೆ ಇಟ್ಟು, ಮಾತಾಡದೆ ತಿರುಗಿ ಹೋದರಂತೆ. “ಮಾತು ಬಿಟ್ಟಿದೀವಿ, ನೀರು ಬಿಟ್ಟಿಲ್ಲ,” ಅಂತ ಅವರಲ್ಲೊಬ್ಬಳು ದಾರಿಯಲ್ಲಿ ಸಿಕ್ಕವರಿಗೆ ಹೇಳಿದಳು.

ನೂರ ಎಂಬತ್ತೇಳನೇ ದಿನ ಆರೂವರೆಗೇ ನಾನು ಹದಿನೇಳನೇ ಬಾವಿಯ ಕಟ್ಟೆಯ ಬಳಿ ಇದ್ದೆ. ಹೂಳು ತೆಗೆಯುವವರು ಇಬ್ಬರು, ಚೆನ್ನಾಜಮ್ಮ, ತಳ ಮುಟ್ಟುವಂತೆ ಅವಳೇ ಹೊಸೆದ ಹಗ್ಗ. ಏಳು ಹೊಡೆಯಿತು. ಕೆಳಗೆ ಕನ್ನಡಿಯ ಹಾಗಿದ್ದ ನೀರು ಇದ್ದದ್ದು ಇಲ್ಲವಾಯಿತು. ಒದ್ದೆ ಕಲ್ಲಿನ ವಾಸನೆ ಮೇಲೆ ಬಂತು. ಮೊದಲು ಆ ಇಬ್ಬರು ಇಳಿದರು, ಆಮೇಲೆ ಬಿದಿರ ಬುಟ್ಟಿಯಲ್ಲಿ ಕೂರಿಸಿ ಚೆನ್ನಾಜಮ್ಮನನ್ನು ಇಳಿಸಿದರು. ಅವಳು ಕೆಳಗಿನಿಂದ ನನ್ನ ಹೆಸರು ಕರೆದಳು. ಇಳಿಯುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ, ಆದರೂ ಬುಟ್ಟಿಯಲ್ಲಿ ಕೂತೆ.

ತಳದಲ್ಲಿ ಕೆಸರು ಮೊಣಕಾಲಿನವರೆಗೆ. ಅದರಲ್ಲಿ ಇಪ್ಪತ್ತೆರಡು ವರ್ಷದ ತಂಬಿಗೆ, ಒಡೆದ ಕೊಡ, ಒಂದು ತೊಟ್ಟಿಲ ಸರಪಳಿ. ಮೇಲೆ ಬೀದಿಯವರು ಕತ್ತು ಚಾಚಿ ‘ಅದು ನಮ್ಮದು’ ಎಂದು ಕೂಗುತ್ತಿದ್ದರು. ಇಬ್ಬರೂ ಬಡಗು ಗೋಡೆಯ ಹತ್ತಿರ ಸನಿಕೆಯಲ್ಲಿ ಕೆಸರು ಎಳೆದು ಮೇಲೆ ಕಳಿಸತೊಡಗಿದರು. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ನಾಳೆ ಏಳರವರೆಗೆ ಹೊತ್ತಿದೆ ಎಂದು ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಚೆನ್ನಾಜಮ್ಮ ಅದನ್ನು ಕಂಡು, “ನಿನ್ನ ಯಂತ್ರಕ್ಕೆ ಯಾರ ಮದುವೇನೂ ಇಲ್ಲವಲ್ಲ, ಸುಮ್ನಿರು,” ಅಂದಳು. ಚುಚ್ಚಿ ಹೇಳಿದ್ದಲ್ಲ. ಸಮಾಧಾನಕ್ಕೇ ಹೇಳಿದ್ದು. ಆದರೂ ಚುಚ್ಚಿತು.

ಹನ್ನೊಂದರ ಹೊತ್ತಿಗೆ ಪೊಟರೆಯ ಬಾಯಿ ಬಿಡಿಸಿದರು. ಸನಿಕೆ ಹಿಡಿದವನು ನಿಂತು, ಸನಿಕೆ ಕೆಳಗಿಟ್ಟ. ಚೆನ್ನಾಜಮ್ಮ ಕೆಸರಲ್ಲೇ ಮಂಡಿಯೂರಿ ಒಳಗೆ ಕೈ ಹಾಕಿದಳು. ಕಣ್ಣು ಹತ್ತಿರ ತಂದು ನೋಡಿದಳು, ಮತ್ತೆ ಕೈಯಲ್ಲಿ ಮುಟ್ಟಿ ಮುಟ್ಟಿ ಗುರುತು ಹಿಡಿದಳು, ಹಗ್ಗದ ಗಂಟು ಹುಡುಕುವ ಹಾಗೆ. ತಲೆ ಎಲ್ಲಿ, ತೋಳು ಎಲ್ಲಿ, ಕಾಲು ಎಲ್ಲಿ. ಆಮೇಲೆ ನನ್ನನ್ನು ಕರೆದು, “ನಿನ್ನ ಕಣ್ಣು ಚೆನ್ನಾಗೈತೆ, ಹೇಳು. ತಲೆ ಈ ಕಡೆ ಅಲ್ವಾ ಇರೋದು? ಬಾಯಿ ಕಡೆ?” ಅಂದಳು.

“ಹೌದು ಚೆನ್ನಾಜಮ್ಮ. ತಲೆ ಹೊರಗಡೆಗೆ. ಒಂದು ಕೈ ಮುಂದೆ ಚಾಚಿದೆ.”

“ಹೊರಟಿದ್ರು,” ಅಂದಳು. “ಮಲಗಿರಲಿಲ್ಲ. ಹೊರಟಿದ್ರು.”

ಆಗ ಅತ್ತಳು. ಬಾವಿಯ ತಳದಲ್ಲಿ ಅಳು ಗೋಡೆಗೆ ತಾಕಿ ಮೇಲೇರಿತು. ಅವಳು ಒಂದೊಂದೇ ಮೂಳೆ ಎತ್ತಿ ಸೆರಗಲ್ಲಿ ಒರೆಸಿ ಹೊಸ ಬಟ್ಟೆಯ ಮೇಲಿಟ್ಟಳು. ನನ್ನ ಕೈಗೂ ಕೊಟ್ಟಳು. ನಾನು ಒರೆಸಿದೆ. ಸಂಜೆಯೊಳಗೆ ಮಣ್ಣು ಮಾಡಿದರು. ಲಿಂಗಪ್ಪಣ್ಣ ಬಂದು ಹೆಗಲು ಕೊಟ್ಟರು. ಮರುದಿನ ಏಳಕ್ಕೆ ಬಾವಿಗೆ ನೀರು ಬಂತು. ಹದಿನೇಳನೇ ಬೀದಿ ಹದಿನಾರಕ್ಕೆ ನಡೆಯುವುದನ್ನು ನಿಲ್ಲಿಸಿತು.

ನಮ್ಮದು ಇಪ್ಪತ್ತೊಂದನೇ ಬೀದಿ. ಇನ್ನೂರ ಮೂವತ್ತೊಂದನೇ ದಿನ ನಮ್ಮ ಸರದಿ ಬಂತು. ಹಿಂದಿನ ದಿನವೇ ಕೊಡ ತುಂಬಿಟ್ಟುಕೊಳ್ಳೋಣ ಅಂದರೆ ಅಮ್ಮ ಒಪ್ಪಲಿಲ್ಲ; ಎಲ್ಲರ ಹಾಗೆ ನಾವೂ ಅಂದಳು. ಅಂದವಳು ಬೀದಿಗೆ ಇಳಿಯುವುದಿಲ್ಲ, ಪಕ್ಕದ ಬೀದಿಗೆ ನಾನೇ ಹೋಗಬೇಕು. ಕೊಡ ತೆಗೆದುಕೊಂಡು ಹೊರಡುವಾಗ ಬಾಗಿಲಲ್ಲಿ ಚೆನ್ನಾಜಮ್ಮ ನಿಂತಿದ್ದಳು. ಸೊಂಟದಲ್ಲಿ ಹಿತ್ತಾಳೆ ಕೊಡ, ನಾಲ್ಕು ಬೀದಿ ದಾಟಿ ಬಂದು ಏದುಸಿರು.

“ಅಕ್ಕಾವ್ರು ಇದಾರಾ?”

ನಾನು ಪಕ್ಕಕ್ಕೆ ಸರಿದೆ. ಅಮ್ಮ ಹೊಸಿಲ ಮೇಲೆ ಎಂದಿನ ಜಾಗದಲ್ಲೇ ಇದ್ದಳು. ಚೆನ್ನಾಜಮ್ಮ ಕೊಡ ಇಳಿಸಿ, “ಹದಿನೇಳನೇ ಬಾವೀದು. ಚೊಕ್ಕಟಾಗೈತೆ. ಕುಡೀಬಹುದು,” ಅಂದಳು.

ಅಮ್ಮ ಕೊಡವನ್ನು ನೋಡುತ್ತಾ ಕೂತಳು. ಚೆನ್ನಾಜಮ್ಮನೂ ಅವಸರ ಮಾಡಲಿಲ್ಲ.

“ಚೆನ್ನಾಜಿ, ಅವರಾಗಿ ಅವಸರ ಮಾಡಿದ್ದಲ್ಲ,” ಅಂದಳು ಅಮ್ಮ. “ನಾನು ಮಾಡಿಸಿದ್ದು. ಬಾಗಿಲಲ್ಲಿ ನಿಂತು ಕೂಗಿದೆ. ಈ ಬಾಗಿಲಲ್ಲೇ.”

ಚೆನ್ನಾಜಮ್ಮ ತಿರುಗಿ ಬಾಗಿಲನ್ನು ನೋಡಿದಳು. ಕಣ್ಣಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. “ಬೇಗ ಬನ್ನಿ ಅಂತ ನಾನೂ ಕೂಗ್ತಿದ್ದೆ, ಅಕ್ಕ,” ಅಂದಳು. “ಅವ್ರು ಬಾವಿಗೆ ಇಳಿದಾಗೆಲ್ಲ ಕೂಗ್ತಿದ್ದೆ. ಆವತ್ತೊಂದು ದಿನ ಕೂಗಲಿಲ್ಲ.” ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು, “ಕೊಡ ಖಾಲಿ ಮಾಡಿ ಕೊಡಿ, ಇನ್ನೂ ನಾಲ್ಕು ಮನೆಗೆ ಹೊರಬೇಕು,” ಅಂದಳು.

ಅಮ್ಮ ಎದ್ದು ತಾನೇ ಕೊಡ ಎತ್ತಿಕೊಂಡು ಹೋಗಿ ಹಂಡೆಗೆ ಸುರಿದಳು. ಒಂದು ಲೋಟ ತುಂಬಿಕೊಂಡು ನಿಂತಲ್ಲೇ ಕುಡಿದಳು. ಕೊಡವನ್ನು ತೊಳೆದು ಒರೆಸಿದಳು. ಚೆನ್ನಾಜಮ್ಮ ಕೈ ಚಾಚಿದಾಗ ಕೊಡಲಿಲ್ಲ. “ತಡಿ. ಬರಿಗೊಡ ಹಾಗೇ ಕಳಿಸಬಾರದು,” ಅಂದು, ನಮ್ಮ ಮನೆಯ ಡಬ್ಬಗಳನ್ನೆಲ್ಲ ಒಂದಾದ ಮೇಲೊಂದು ತೆಗೆದು ನೋಡತೊಡಗಿದಳು. ಅಕ್ಕಿ ನೋಡಿದಳು, ಬೇಡವೆನಿಸಿತು. ಬೇಳೆ ನೋಡಿದಳು, ಅದೂ ಬೇಡವೆನಿಸಿತು. ಅಲ್ಲಿ ಯಾವುದೂ ಸಾಲುತ್ತಿರಲಿಲ್ಲ. ಚೆನ್ನಾಜಮ್ಮ ಗೋಡೆಗೆ ಒರಗಿ ಕೂತುಕೊಂಡಳು.